ಫ್ರೆಂಚರ ಸಾಸಿವೆ: ಘಾಟು ಎಲ್ಲಿಂದ ಬರುತ್ತದೆ?

ನಮ್ಮ ನಗರಗಳ ದೊಡ್ಡ ಅಂಗಡಿಗಳಲ್ಲಿ, ಹೊರದೇಶದಿಂದ ರಜೆಗೆ ಬರುವ ಮಕ್ಕಳ ಪೆಟ್ಟಿಗೆಗಳಲ್ಲಿ ಈಚೆಗೆ ‘ಡಿಜೋನ್ ಮಸ್ಟರ್ಡ್’ ಎಂಬ ಚೀಟಿ ಅಂಟಿಸಿದ ಪುಟ್ಟ ಗಾಜಿನ ಬಾಟಲಿ ಕಾಣುತ್ತಿದೆ. ಫ್ರಾನ್ಸಿನ ಈ ಸಾಸಿವೆ ವ್ಯಂಜನದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಈ ಸಂಚಿಕೆಯನ್ನು ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಲಿಯೋನ್ ನಗರದಲ್ಲಿ ಓದುತ್ತಿರುವ ನನ್ನ ಮಗಳು ಡಿಜೋನ್ ಸಾಸಿವೆಯ ಬಾಟಲಿಯೊಂದನ್ನು ತಂದುಕೊಟ್ಟಳು. ಅರ್ಧ ಚಮಚ ಬಾಯಿಗಿಟ್ಟ ಕೂಡಲೇ ಮೂಗಿನೊಳಗೆ ಉರಿ ಏರಿ ಕಣ್ಣಲ್ಲಿ ನೀರು ಬಂತು. ದಿನವೂ ಒಗ್ಗರಣೆಗೆ ಸಾಸಿವೆ ಹಾಕುವ ನಮಗೆ ಇಂಥ ಘಾಟು ಎಂದೂ ಅನುಭವಕ್ಕೆ ಬಂದಿಲ್ಲ. ಅವರದು ಬೇರೆ ಜಾತಿಯ ಸಾಸಿವೆಯೇ? — ಓದುಗರು, ಮೈಸೂರು

ಉತ್ತರ: ಬೇರೆ ಜಾತಿಯಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಡಿಜೋನ್ ಸಾಸಿವೆಗೆ ಬಳಸುವ ಕಂದು ಬೀಜದ ಸಸ್ಯಶಾಸ್ತ್ರೀಯ ಹೆಸರು ಬ್ರ್ಯಾಸಿಕ ಜಂಸಿಯ. ನಮ್ಮ ಸಂತೆಗಳಲ್ಲಿ ಸೇರಿನಲ್ಲಿ ಅಳೆದು ಕೊಡುವ ಸಾಸಿವೆಯ ಹೆಚ್ಚಿನ ಪಾಲೂ ಅದೇ ಜಾತಿಯದು. ವ್ಯತ್ಯಾಸ ಇರುವುದು ಬೀಜದಲ್ಲಲ್ಲ, ಅದನ್ನು ನಡೆಸಿಕೊಳ್ಳುವ ರೀತಿಯಲ್ಲಿ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಹತ್ತಿಪ್ಪತ್ತು ಕಾಳು ಹಸಿ ಸಾಸಿವೆಯನ್ನು ಅಂಗೈಯಲ್ಲಿಟ್ಟು ಮೂಸಿದರೆ ಯಾವ ವಾಸನೆಯೂ ಇರುವುದಿಲ್ಲ. ಅದನ್ನೇ ಬಾಯಿಗೆ ಹಾಕಿಕೊಂಡು ಅಗಿಯಿರಿ. ಮೊದಲು ತುಸು ಕಹಿ, ಆಮೇಲೆ ಎಣ್ಣೆಕಾಳಿನ ರುಚಿ, ಕೆಲವು ಕ್ಷಣ ಕಳೆದ ಮೇಲೆ ಘಾಟು. ಆ ಕೆಲವು ಕ್ಷಣಗಳಲ್ಲಿಯೇ ಸಾಸಿವೆಯ ಗುಟ್ಟೆಲ್ಲ ಅಡಗಿದೆ. ಘಾಟು ಬೀಜದೊಳಗೆ ಸಿದ್ಧವಾಗಿ ಕುಳಿತಿರುವುದಿಲ್ಲ. ಬೀಜದಲ್ಲಿ ಸಿನಿಗ್ರಿನ್ ಎಂಬ ವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಬೇರೆ ಬೇರೆ ಕೋಣೆಗಳಲ್ಲಿರುವಂತೆ ಇರುತ್ತವೆ. ಕಾಳು ಒಡೆದು ಅದಕ್ಕೆ ನೀರು ತಾಗಿದಾಗ ಇವೆರಡೂ ಕೂಡಿ ಅಲೈಲ್ ಐಸೋಥಯೋಸಯನೇಟ್ ಎಂಬ ಎಣ್ಣೆಯಂಥ ಹೊಸ ವಸ್ತು ಹುಟ್ಟುತ್ತದೆ. ಅದು ಗಾಳಿಗೆ ಬಹಳ ಬೇಗ ಆರುವಂಥದ್ದು. ಹಾಗಾಗಿಯೇ ನಾಲಿಗೆಯ ಮೇಲೆ ಉಳಿಯದೆ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುತ್ತದೆ. ಮೆಣಸಿನಕಾಯಿಯ ಖಾರ ಹೀಗೆ ಆವಿಯಾಗುವುದಿಲ್ಲ, ಆದ್ದರಿಂದ ಅದು ಬಾಯಲ್ಲೇ ಉಳಿದು ಬಹಳ ಹೊತ್ತು ಉರಿಸುತ್ತದೆ. ಸಾಸಿವೆಯ ಘಾಟು ರಪ್ಪನೆ ಹೊಡೆದು ಅರೆ ನಿಮಿಷದಲ್ಲಿ ಇಳಿದುಹೋಗುತ್ತದೆ.

ಇನ್ನು ಒಗ್ಗರಣೆಯ ಮಾತು. ಕಾದ ಎಣ್ಣೆಗೆ ಬಿದ್ದ ಸಾಸಿವೆಯಲ್ಲಿ ಕಿಣ್ವವು ಬಿಸಿಗೆ ಕೆಟ್ಟುಹೋಗುತ್ತದೆ, ಅಲ್ಲಿ ನೀರೂ ಇಲ್ಲ. ಆದ್ದರಿಂದ ಘಾಟು ಹುಟ್ಟುವುದೇ ಇಲ್ಲ. ಬದಲಿಗೆ ಹುರಿದ ಕಾಳಿನ ಪರಿಮಳ ಬರುತ್ತದೆ. ಆದರೆ ಹಸಿ ಸಾಸಿವೆಯ ಘಾಟು ನಮ್ಮ ನಾಡಿಗೆ ಅಪರಿಚಿತವೇನೂ ಅಲ್ಲ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ತೆಂಗಿನಕಾಯಿಯೊಂದಿಗೆ ಹಸಿ ಸಾಸಿವೆ ಅರೆದು, ಮೊಸರು ಬೆರೆಸಿ, ಕುದಿಸದೆ ಮಾಡುವ ಸೌತೆಕಾಯಿ ಸಾಸಿವೆ, ಮಾವಿನಹಣ್ಣಿನ ಸಾಸಿವೆಗಳನ್ನು ಉಂಡವರಿಗೆ ಅದು ಗೊತ್ತು. ನೀರಿನಲ್ಲಿ ಅರೆಯುವುದು, ಹುಳಿ ಸೇರಿಸುವುದು, ಬಿಸಿ ತಾಗಿಸದಿರುವುದು: ಡಿಜೋನಿನ ಗಿರಣಿಯವರು ಮಾಡುವುದೂ ಈ ಮೂರನ್ನೇ.

ಹುಳಿಯ ಕೆಲಸವನ್ನು ಮಾತ್ರ ತುಸು ಬಿಡಿಸಿ ಹೇಳಬೇಕು. ಬರೀ ನೀರಿನಲ್ಲಿ ಕಲಸಿದ ಸಾಸಿವೆಪುಡಿಯ ಘಾಟು ಹತ್ತು ಹದಿನೈದು ನಿಮಿಷದಲ್ಲಿ ತುತ್ತತುದಿಗೇರಿ, ಕೆಲವೇ ಗಂಟೆಗಳಲ್ಲಿ ಇಳಿದುಬಿಡುತ್ತದೆ. ಹುಳಿ ಇದ್ದರೆ ಕಿಣ್ವದ ವೇಗ ತಗ್ಗುತ್ತದೆ, ಜೊತೆಗೆ ಹುಟ್ಟಿದ ಘಾಟು ಬೇಗ ಕೆಡದೆ ತಿಂಗಳುಗಟ್ಟಲೆ ನಿಲ್ಲುತ್ತದೆ. ನಿಮ್ಮ ಮಗಳು ತಂದ ಬಾಟಲಿ ಅಷ್ಟು ದೂರದಿಂದ ಬಂದ ಮೇಲೂ ನಿಮ್ಮ ಕಣ್ಣಲ್ಲಿ ನೀರು ತರಿಸಿದ್ದಕ್ಕೆ ಇದೇ ಕಾರಣ. ಫ್ರೆಂಚ್ ನುಡಿಯಲ್ಲಿ ಸಿಟ್ಟು ಬರುತ್ತಿದೆ ಎನ್ನುವುದಕ್ಕೆ ‘ಸಾಸಿವೆ ನನ್ನ ಮೂಗಿಗೇರುತ್ತಿದೆ’ ಎನ್ನುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಎನ್ನುವ ನಮಗೆ ಆ ಮಾತು ಅರ್ಥವಾಗಲು ಕಷ್ಟವಿಲ್ಲ.

ಪ್ರಶ್ನೆ: ನಾನು ಕೊಂಡ ‘ಡಿಜೋನ್’ ಬಾಟಲಿಯ ಹಿಂದೆ ತಯಾರಿಸಿದ ದೇಶ ಬೇರೆಯೇ ಇದೆ. ಇದು ಮೋಸವಲ್ಲವೇ? ಡಿಜೋನ್ ಎಂಬ ಊರಿಗೂ ಈ ಸಾಸಿವೆಗೂ ನಿಜವಾಗಿ ಏನು ಸಂಬಂಧ? — ಓದುಗರು, ಹುಬ್ಬಳ್ಳಿ

ಉತ್ತರ: ಕಾನೂನಿನ ಪ್ರಕಾರ ಮೋಸವಲ್ಲ. ‘ಡಿಜೋನ್ ಸಾಸಿವೆ’ ಎಂಬುದು ಒಂದು ವಿಧಾನದ ಹೆಸರೇ ಹೊರತು ಊರಿಗೆ ಕಟ್ಟಿಹಾಕಿದ ಹೆಸರಲ್ಲ. ನಮ್ಮ ಮೈಸೂರು ಪಾಕನ್ನು ಯಾವ ಊರಿನವರು ಮಾಡಿದರೂ ಅದು ಮೈಸೂರು ಪಾಕೇ ಅಲ್ಲವೇ, ಹಾಗೆ. ಫ್ರೆಂಚ್ ಸರ್ಕಾರದ 2000 ದ ಆದೇಶವು ಈ ಹೆಸರಿನ ಸಾಸಿವೆಗೆ ಕಂದು ಅಥವಾ ಕಪ್ಪು ಬೀಜವೇ ಆಗಬೇಕು, ಅರೆದ ಮೇಲೆ ಹೊಟ್ಟನ್ನು ಸೋಸಿ ತೆಗೆದಿರಬೇಕು ಎಂದು ನಿಗದಿ ಮಾಡುತ್ತದೆ. ಎಲ್ಲಿ ಮಾಡಬೇಕೆಂದು ಅದು ಕಟ್ಟಳೆ ವಿಧಿಸುವುದಿಲ್ಲ.

ಊರಿನ ಸಂಬಂಧ ಮಾತ್ರ ಹಳೆಯದು ಮತ್ತು ಗಟ್ಟಿಯಾದದ್ದು. ಡಿಜೋನ್ ಇರುವುದು ಫ್ರಾನ್ಸಿನ ಪೂರ್ವಭಾಗದ ಬರ್ಗಂಡಿ ಸೀಮೆಯಲ್ಲಿ. ಅದು ದ್ರಾಕ್ಷಿಯ ನಾಡು. ದ್ರಾಕ್ಷಿ ಇದ್ದಲ್ಲಿ ವೈನ್ ಇದೆ, ವೈನ್ ಇದ್ದಲ್ಲಿ ವಿನೆಗರ್ ಇದೆ. ಬಲಿಯದ ಹುಳಿ ದ್ರಾಕ್ಷಿಯನ್ನು ಹಿಂಡಿ ತೆಗೆದ, ಫ್ರೆಂಚರು ವೆರ್‌ಜೂ ಎನ್ನುವ ರಸವೂ ಇದೆ. ಹೀಗೆ ಹುಳಿ ಅಲ್ಲಿ ಮನೆಬಾಗಿಲಲ್ಲೇ ಇತ್ತು. ಇನ್ನು ಸಾಸಿವೆ: ಆ ಸೀಮೆಯ ಕಾಡುಗಳಲ್ಲಿ ಇದ್ದಿಲು ಸುಡುವವರು, ಗೂಡು ಸುಟ್ಟು ಬೂದಿಯಾದ ಬಯಲುಗಳಲ್ಲಿ ಸಾಸಿವೆ ಬಿತ್ತುತ್ತಿದ್ದರು. ಬೂದಿಯ ಪೊಟ್ಯಾಶ್ ಬೆಳೆಗೆ ಹಿತವಾಗುತ್ತಿತ್ತು. ಸಾಸಿವೆ ಅರೆಯುವ ಕಸುಬು ಮೊದಲಿನಿಂದಲೂ ವಿನೆಗರ್ ಮಾಡುವವರ ಕಸುಬಿಗೆ ಅಂಟಿಕೊಂಡೇ ಬೆಳೆಯಿತು. ಫ್ರೆಂಚಿನ ಮುತಾರ್ದ್, ಇಂಗ್ಲಿಷಿನ ಮಸ್ಟರ್ಡ್ ಎಂಬ ಹೆಸರುಗಳೂ ಬಂದದ್ದು ಬೀಜದಿಂದಲ್ಲ, ದ್ರಾಕ್ಷಿಯ ಹಸಿರಸಕ್ಕೆ ಲ್ಯಾಟಿನ್ನಿನಲ್ಲಿದ್ದ ಮುಸ್ತುಂ ಎಂಬ ಪದದಿಂದ. ಅಂದರೆ ಬೀಜಕ್ಕಿಂತ ಮೊದಲು ಹುಳಿರಸವೇ ಹೆಸರಿನಲ್ಲಿ ನೆಲೆಸಿತು.

19ನೆಯ ಶತಮಾನದಲ್ಲಿ ಉಗಿಯಂತ್ರದ ಗಿರಣಿಗಳು ಬಂದು ಡಿಜೋನಿನ ಹೆಸರು ಲೋಕವೆಲ್ಲ ಹಬ್ಬಿತು. ಆಮೇಲಿನ ಕತೆ ಹೇಳುವಾಗ ನನಗೆ ಬೇಸರವಾಗುತ್ತದೆ. ಎರಡನೆಯ ಮಹಾಯುದ್ಧದ ನಂತರ ಬರ್ಗಂಡಿಯ ರೈತರು ಹೆಚ್ಚು ಆದಾಯ ತರುವ ಬೇರೆ ಬೆಳೆಗಳಿಗೆ ಹೊರಳಿದರು. ಗಿರಣಿಗಳು ಬೀಜಕ್ಕಾಗಿ ಕೆನಡಾದ ಕಡೆ ನೋಡತೊಡಗಿದವು. ಡಿಜೋನ್ ನಗರದೊಳಗಿದ್ದ ದೊಡ್ಡ ಕಾರ್ಖಾನೆ 2009 ರಲ್ಲಿ ಮುಚ್ಚಿತು. ಫ್ರಾನ್ಸಿನಲ್ಲಿ ಅರೆಯುವ ಸಾಸಿವೆಯ ಬಹುಪಾಲು ಬೀಜ ಕೆನಡಾದ ಬಯಲುಸೀಮೆಯಿಂದ ಬರುವಂತಾಯಿತು. 2021 ರ ಬೇಸಿಗೆಯಲ್ಲಿ ಅಲ್ಲಿ ಭೀಕರ ಬರ ಬಿದ್ದು ಬೆಳೆ ಒಣಗಿತು. ಅದರ ಫಲವಾಗಿ 2022 ರಲ್ಲಿ ಫ್ರಾನ್ಸಿನ ಅಂಗಡಿಗಳ ಸಾಸಿವೆಯ ಕಪಾಟುಗಳೇ ಬರಿದಾದವು. ಒಬ್ಬರಿಗೆ ಒಂದೇ ಬಾಟಲಿ ಎಂದು ಚೀಟಿ ಅಂಟಿಸಿದ ಅಂಗಡಿಗಳೂ ಇದ್ದವು. ತಲಾ ವರ್ಷಕ್ಕೆ ಸುಮಾರು 1 ಕಿಲೋ ಸಾಸಿವೆ ತಿನ್ನುವ ಜನಕ್ಕೆ ಇದು ಸಣ್ಣ ಕೊರತೆಯಾಗಿರಲಿಲ್ಲ. ಆ ಪೆಟ್ಟಿನ ನಂತರ ಬರ್ಗಂಡಿಯಲ್ಲಿ ಸಾಸಿವೆ ಬಿತ್ತನೆ ಹೆಚ್ಚಿದೆ.

ನೀವು ಊರಿಗೂ ಬೀಜಕ್ಕೂ ನಿಜವಾದ ನಂಟಿರುವ ಸಾಸಿವೆಯನ್ನು ಬಯಸುವುದಾದರೆ ಚೀಟಿಯಲ್ಲಿ ‘ಮುತಾರ್ದ್ ದ ಬುರ್ಗೋನ್’, ಅಂದರೆ ಬರ್ಗಂಡಿಯ ಸಾಸಿವೆ ಎಂಬ ಹೆಸರನ್ನು ಹುಡುಕಬೇಕು. 2009 ರಿಂದ ಅದಕ್ಕೆ ಯುರೋಪಿನ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಅದರ ಬೀಜ ಬರ್ಗಂಡಿಯಲ್ಲೇ ಬೆಳೆದಿರಬೇಕು, ಅದಕ್ಕೆ ಸೇರುವ ಬಿಳಿ ವೈನ್ ಕೂಡ ಬರ್ಗಂಡಿಯದೇ ಆಗಿರಬೇಕು. ಡಿಜೋನಿನ ದಕ್ಷಿಣಕ್ಕಿರುವ ಬೋನ್ ಎಂಬ ಊರಿನಲ್ಲಿ 1840 ರಿಂದ ನಡೆದುಬಂದ ಫಾಲೋ ಗಿರಣಿ ಇಂದಿಗೂ ಬೀಸುವ ಕಲ್ಲಿನಲ್ಲೇ ಅರೆಯುತ್ತದೆ. ನಿಧಾನವಾಗಿ ತಿರುಗುವ ಕಲ್ಲು ಹಿಟ್ಟನ್ನು ಕಾಯಿಸುವುದಿಲ್ಲ; ಬಿಸಿಯಾದರೆ ಏನಾಗುತ್ತದೆ ಎಂಬುದನ್ನು ಮೈಸೂರಿನವರಿಗೆ ಕೊಟ್ಟ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ಕಾಳು ಕಾಳಾಗಿರುವ ಫ್ರೆಂಚ್ ಸಾಸಿವೆಯೂ ಸಿಗುತ್ತದೆ. ಅದು ಡಿಜೋನ್‌ಗಿಂತ ಹೇಗೆ ಭಿನ್ನ? — ಓದುಗರು, ಮಂಗಳೂರು

ಉತ್ತರ: ಅದನ್ನು ‘ಹಳೆಯ ಕಾಲದ ರೀತಿಯದು’ ಎಂಬ ಅರ್ಥದಲ್ಲಿ ‘ಆ ಲಾನ್ಸಿಯೆನ್’ ಎನ್ನುತ್ತಾರೆ. ಬೀಜವನ್ನು ನುಣ್ಣಗೆ ಅರೆಯದೆ ಒಡಕಲಾಗಿ ಬಿಟ್ಟು, ಹೊಟ್ಟನ್ನು ಸೋಸದೆ ಉಳಿಸುತ್ತಾರೆ. ಒಡೆಯದ ಕಾಳುಗಳಲ್ಲಿ ಘಾಟು ಹುಟ್ಟದ ಕಾರಣ ಇದು ಡಿಜೋನ್‌ಗಿಂತ ಸೌಮ್ಯ. ಹಲ್ಲಿಗೆ ಸಿಕ್ಕಿದ ಕಾಳು ಟಪ್ಪೆಂದು ಒಡೆದಾಗ ಮಾತ್ರ ಸಣ್ಣ ಕಿಡಿ ಹಾರಿದಂತಾಗುತ್ತದೆ. ಪ್ಯಾರಿಸ್ಸಿನ ಪೂರ್ವಕ್ಕಿರುವ ಮೋ ಎಂಬ ಊರಿನ ಸಾಸಿವೆ ಈ ಬಗೆಯಲ್ಲಿ ಪ್ರಸಿದ್ಧ. ಅದು ಅರಗಿನ ಮುದ್ರೆ ಒತ್ತಿದ ಪಿಂಗಾಣಿ ಜಾಡಿಯಲ್ಲಿ ಬರುತ್ತದೆ. ನಮ್ಮ ಅಜ್ಜಿಯರ ಉಪ್ಪಿನಕಾಯಿ ಜಾಡಿಯನ್ನು ನೆನಪಿಸುವ ಪಾತ್ರೆ ಅದು.

ಹಳದಿ ಬಣ್ಣದ ಅಮೆರಿಕದ ಸಾಸಿವೆಯನ್ನು ಇವೆರಡರ ಜೊತೆ ಸೇರಿಸಬೇಡಿ. ಅದು ಬಿಳಿ ಸಾಸಿವೆ ಎಂಬ ಬೇರೆಯೇ ಜಾತಿಯ ಬೀಜದಿಂದ ಆಗುವಂಥದ್ದು. ಬಣ್ಣಕ್ಕೆ ಅರಿಶಿನ ಬೆರೆಸಿರುತ್ತಾರೆ. ಅದರ ಖಾರ ಮೂಗಿಗೆ ಏರದೆ ನಾಲಿಗೆಯಲ್ಲೇ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮದ್ಯ ತಾಗಿದ್ದನ್ನು ಯಾರೂ ಮುಟ್ಟುವುದಿಲ್ಲ. ಡಿಜೋನ್ ಸಾಸಿವೆಯಲ್ಲಿ ವೈನ್ ಇರುತ್ತದೆ ಎಂದು ಕೇಳಿದೆ. ಇದು ನಿಜವೇ? ಮಾಂಸವಿಲ್ಲದ ಅಡುಗೆಗೆ ಅದು ಒಗ್ಗುತ್ತದೆಯೇ? — ಓದುಗರು, ಉಡುಪಿ

ಉತ್ತರ: ಕೆಲವು ಬಾಟಲಿಗಳಲ್ಲಿ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಹುಳಿಗಾಗಿ ವಿನೆಗರ್, ವೆರ್‌ಜೂ, ಬಿಳಿ ವೈನ್ ಇವುಗಳಲ್ಲಿ ಯಾವುದನ್ನಾದರೂ ಅಥವಾ ಎರಡನ್ನು ಕೂಡಿಸಿಯೂ ಬಳಸುತ್ತಾರೆ. ಇಂದು ಮಾರುಕಟ್ಟೆಯಲ್ಲಿರುವ ಎಷ್ಟೋ ಬಾಟಲಿಗಳಲ್ಲಿ ನೀರು, ಸಾಸಿವೆ, ವಿನೆಗರ್, ಉಪ್ಪು ಇಷ್ಟೇ ಮುಖ್ಯ; ಬಣ್ಣ ಮತ್ತು ಘಾಟು ಕೆಡದಂತೆ ಸಲ್ಫೈಟ್ ಸೇರಿಸಿರುತ್ತಾರೆ. ಬರ್ಗಂಡಿಯ ಸಾಸಿವೆಯಲ್ಲಿ ಮಾತ್ರ ಬಿಳಿ ವೈನ್ ಖಂಡಿತ ಇರುತ್ತದೆ, ಅದನ್ನು ನೀವು ಬಿಟ್ಟುಬಿಡುವುದೇ ಸರಿ. ಚೀಟಿಯನ್ನು ಓದಿಯೇ ಕೊಳ್ಳಿ. ಇಂಥ ವಿಷಯದಲ್ಲಿ ಅಂಗಡಿಯವರ ಬಾಯಿಮಾತನ್ನು ನೆಚ್ಚಬಾರದು. ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಸಾಸಿವೆ ಕೆಲವರಿಗೆ ತೀವ್ರವಾದ ಅಲರ್ಜಿ ಉಂಟುಮಾಡುತ್ತದೆ. ಯುರೋಪಿನಲ್ಲಿ ಪೊಟ್ಟಣದ ಮೇಲೆ ಕಡ್ಡಾಯವಾಗಿ ಎತ್ತಿ ತೋರಿಸಬೇಕಾದ 14 ಅಲರ್ಜಿಕಾರಕಗಳ ಪಟ್ಟಿಯಲ್ಲಿ ಅದೂ ಒಂದು.

ಮಾಂಸದ ಜೊತೆಗೇ ಫ್ರೆಂಚರು ಅದನ್ನು ಹೆಚ್ಚು ತಿನ್ನುವುದು ನಿಜ. ಆದರೂ ಅವರ ಮನೆಗಳಲ್ಲಿ ಸಾಸಿವೆಗೆ ನಿತ್ಯದ ಕೆಲಸ ಇರುವುದು ಸೊಪ್ಪು ತರಕಾರಿಗಳಲ್ಲಿ. ಒಂದು ಬಟ್ಟಲಿಗೆ ಒಂದು ಚಮಚ ಸಾಸಿವೆ, ಒಂದು ಚಮಚ ವಿನೆಗರ್, ಚಿಟಿಕೆ ಉಪ್ಪು ಹಾಕಿ ಕದಡಿ, ಮೂರು ಚಮಚ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತ ಗೊಟಾಯಿಸಿದರೆ ಅವರ ವಿನೆಗ್ರೆತ್ ಸಿದ್ಧ. ಬರೀ ಎಣ್ಣೆ ಮತ್ತು ವಿನೆಗರ್ ಎಷ್ಟು ಕದಡಿದರೂ ಎರಡು ನಿಮಿಷದಲ್ಲಿ ಬೇರೆಯಾಗುತ್ತವೆ. ಸಾಸಿವೆಯಲ್ಲಿರುವ ಲೋಳೆ ಅವೆರಡನ್ನೂ ಹಿಡಿದು ಕೆನೆಯಂತೆ ಕೂಡಿಸುತ್ತದೆ. ಇದನ್ನು ಹಸಿ ಸೊಪ್ಪಿನ ಮೇಲೆ, ಬೇಯಿಸಿದ ಲೀಕ್ ಈರುಳ್ಳಿಯ ಮೇಲೆ, ಪ್ವೀ ಎಂಬಲ್ಲಿ ಬೆಳೆಯುವ ಹಸಿರು ಮಸೂರಕಾಳನ್ನು ಬೇಯಿಸಿ ಇನ್ನೂ ಬೆಚ್ಚಗಿರುವಾಗ ಅದರ ಮೇಲೆ ಸುರಿಯುತ್ತಾರೆ. ಬೆಚ್ಚಗಿನ ಕಾಳು ಹುಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲೆ ಸುರಿದರೆ ಆ ರುಚಿ ಬರುವುದಿಲ್ಲ. ಬಿಸಿ ಸಾರಿಗೋ ಪಲ್ಯಕ್ಕೋ ಬೆರೆಸುವುದಾದರೆ ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಬೆರೆಸಿ. ಕುದಿಸಿದರೆ ಘಾಟೆಲ್ಲ ಹಾರಿಹೋಗಿ ಹುಳಿ ಮಾತ್ರ ಉಳಿಯುತ್ತದೆ.

ಪ್ರಶ್ನೆ: ನಮ್ಮಲ್ಲೇ ಸಿಗುವ ಸಾಸಿವೆಯಿಂದ ಇದನ್ನು ಮನೆಯಲ್ಲಿ ಮಾಡಬಹುದೇ? ನಾನು ಮಿಕ್ಸಿಯಲ್ಲಿ ಅರೆದಾಗ ಬಾಯಿಗಿಡಲಾರದಷ್ಟು ಕಹಿಯಾಯಿತು. — ಓದುಗರು, ಶಿರಸಿ

ಉತ್ತರ: ಖಂಡಿತ ಮಾಡಬಹುದು. ನಿಮಗಾದದ್ದು ನನಗೂ ಆಗಿದೆ. ಮೊದಲ ಸಲ ಮಾಡಿದಾಗ ಕಹಿಗೆ ಹೆದರಿ ಇಡೀ ಬಟ್ಟಲನ್ನು ಚೆಲ್ಲಿಬಿಟ್ಟೆ. ಆಗ ನಾನು ತಿಳಿಯದಿದ್ದ ಸಂಗತಿಯೆಂದರೆ, ಆಗತಾನೆ ಅರೆದ ಸಾಸಿವೆ ಯಾವಾಗಲೂ ಕಹಿಯೇ. ಎರಡು ಮೂರು ದಿನ ಮುಚ್ಚಿಟ್ಟರೆ ಕಹಿ ಇಳಿದು, ಒರಟು ಸರಿದು, ರುಚಿ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಗಿರಣಿಗಳಲ್ಲಿಯೂ ಅರೆದ ಸಾಸಿವೆಯನ್ನು ಕೂಡಲೇ ಬಾಟಲಿಗೆ ತುಂಬದೆ ತೊಟ್ಟಿಗಳಲ್ಲಿ ತಣಿಯಲು ಬಿಡುತ್ತಾರೆ.

100 ಗ್ರಾಂ ಸಣ್ಣ ಸಾಸಿವೆಯನ್ನು ಕೇರಿ, ಕಲ್ಲು ಆರಿಸಿ, ತೊಳೆದು ಬಸಿಯಿರಿ. 100 ಮಿಲಿಲೀಟರ್ ವಿನೆಗರ್, ಅಷ್ಟೇ ತಣ್ಣೀರು, ಒಂದು ಚಮಚ ಉಪ್ಪು ಕೂಡಿಸಿ ಅದರಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಸಿ. ಬರೀ ವಿನೆಗರಿನಲ್ಲಿ ನೆನೆಸಿದರೆ ಹುಳಿ ಅತಿಯಾಗಿ ಕಿಣ್ವದ ಕೆಲಸವೇ ಕುಂಠಿತವಾಗುತ್ತದೆ; ನೀರು ಬೆರೆಸುವುದು ಅದಕ್ಕಾಗಿ. ನೆನೆದ ಕಾಳು ಉಬ್ಬಿ, ಬೆರಳಿಗೆ ಲೋಳೆಲೋಳೆಯಾಗಿ ಅಂಟುತ್ತದೆ. ಸಾಧ್ಯವಿದ್ದರೆ ಒರಳಿನಲ್ಲಿ ಅರೆಯಿರಿ. ಮಿಕ್ಸಿಯೇ ಆದರೆ ಜಾರನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು ತಣಿಸಿ, ಹತ್ತು ಹತ್ತು ಸೆಕೆಂಡು ತಿರುಗಿಸಿ ನಿಲ್ಲಿಸುತ್ತ ಹೋಗಿ. ನಡುವೆ ಜಾರಿನ ಹೊರಮೈ ಮುಟ್ಟಿ ನೋಡಿ, ಬೆಚ್ಚಗಾಗಿದ್ದರೆ ಕಾಯಿರಿ. ಒರಳಿನಲ್ಲಿ ಅರೆಯುವಾಗ ಮೂಗಿಗೆ ಹೊಡೆಯುವ ಘಾಟಿನ ಹದವೇ ಬೇರೆ. ಮಿಕ್ಸಿಯ ಬಿಸಿಯಲ್ಲಿ ಅದರ ಒಂದಂಶ ಅಲ್ಲೇ ಆವಿಯಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಡಿಜೋನಿನ ನುಣುಪು ಬೇಕಾದರೆ ಸಣ್ಣ ಕಣ್ಣಿನ ಜರಡಿಯಲ್ಲಿ ಸೌಟಿನ ಬೆನ್ನಿನಿಂದ ಒತ್ತಿ ಹೊಟ್ಟನ್ನು ತೆಗೆಯಬೇಕು. ಇದು ಕೈ ಸೋಲಿಸುವ ಕೆಲಸ, ಕೊನೆಗೆ ಸಿಗುವುದೂ ಕಡಿಮೆ. ಸೋಸದೆ ಬಿಟ್ಟರೂ ನಷ್ಟವಿಲ್ಲ. ಆಗ ಅದು ಮೋ ಊರಿನ ಬಗೆಯ ಸಾಸಿವೆಗೆ ಹತ್ತಿರವಾಗುತ್ತದೆ.

ಗಾಜಿನ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮೂರು ದಿನ ಮುಟ್ಟದೆ ಇಡಿ. ಸಕ್ಕರೆ, ಬೆಲ್ಲ, ಅರಿಶಿನ ಯಾವುದನ್ನೂ ಸೇರಿಸಬೇಡಿ ಎಂಬುದು ನನ್ನ ಬಿನ್ನಹ. ಕಹಿ ಅಡಗಿಸಲು ಸಿಹಿ ಹಾಕಿದವರು ಕಾದರೆ ಬರುತ್ತಿದ್ದ ರುಚಿಯನ್ನು ತಾವೇ ಕೆಡಿಸಿಕೊಳ್ಳುತ್ತಾರೆ.

ಪ್ರಶ್ನೆ: ತೆರೆದ ಬಾಟಲಿ ಎಷ್ಟು ದಿನ ಉಳಿಯುತ್ತದೆ? ನಮ್ಮ ಬಾಟಲಿಯ ಮೇಲ್ಭಾಗದಲ್ಲಿ ನೀರು ನಿಂತಿದೆ. ಎಸೆಯಬೇಕೇ? — ಓದುಗರು, ದಾವಣಗೆರೆ

ಉತ್ತರ: ಎಸೆಯಬೇಡಿ. ಅದು ಸಾಸಿವೆಯಿಂದಲೇ ಬಿಟ್ಟುಕೊಂಡ ನೀರು, ಒಣಗಿದ ಚಮಚದಿಂದ ಕದಡಿದರೆ ಮತ್ತೆ ಸೇರಿಕೊಳ್ಳುತ್ತದೆ. ಹುಳಿ, ಉಪ್ಪು ಮತ್ತು ಘಾಟು ಮೂರೂ ಇರುವುದರಿಂದ ಸಾಸಿವೆ ಸುಲಭಕ್ಕೆ ಕೊಳೆಯುವುದಿಲ್ಲ; ಅದು ಕಳೆದುಕೊಳ್ಳುವುದು ಘಾಟನ್ನು. ಬಿಸಿಲು, ಬಿಸಿ, ಗಾಳಿ ತಾಗಿದಷ್ಟೂ ಆ ನಷ್ಟ ಹೆಚ್ಚು. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ತಿಂಗಳಲ್ಲಿ ಮುಗಿಸುವುದು ಉತ್ತಮ. ಮೇಲೆ ಬೂಸಲು ಕಂಡರೆ ಮಾತ್ರ ಇಟ್ಟುಕೊಳ್ಳಬೇಡಿ. ಬಾಟಲಿ ಖಾಲಿಯಾದ ಮೇಲೆ ತೊಳೆದಿಡಿ. ಫ್ರಾನ್ಸಿನಲ್ಲಿ ಸಾಸಿವೆಯನ್ನು ನೀರು ಕುಡಿಯುವ ಲೋಟಗಳಲ್ಲೇ ತುಂಬಿ ಮಾರುವ ರೂಢಿ ಇದೆ. ಅಲ್ಲಿನ ಎಷ್ಟೋ ಮನೆಗಳ ಅಡುಗೆಮನೆಯಲ್ಲಿ ದಿನದ ಬಳಕೆಯ ಲೋಟಗಳು ಹಾಗೆ ಒಂದೊಂದಾಗಿ ಸೇರಿದವೇ ಆಗಿವೆ.